ಮುಖ ನನ್ನದು, ದನಿ ಯಾರದ್ದೋ

2021ರ ಮಳೆಗಾಲದ ಒಂದು ಸಂಜೆ ನಾನೂ ಅಮ್ಮನೂ ಚಾವಡಿಯ ಬೆಂಚಿನಲ್ಲಿ ಕುಳಿತು, ಒಂದೇ ಮೊಬೈಲನ್ನು ನಡುವೆ ಹಿಡಿದುಕೊಂಡು, ನಾನು ನಟಿಸಿದ್ದ ಸಿನಿಮಾ ನೋಡಿದೆವು. ನನಗೆ ಸಿಕ್ಕಿದ ಮೊದಲ ದೊಡ್ಡ ಪಾತ್ರ ಅದು. ಒಂಬತ್ತು ದೃಶ್ಯಗಳು, ಅದರಲ್ಲಿ ಎರಡು ನನ್ನ ಮೇಲೆಯೇ ನಿಂತವು. ತೆರೆಯ ಮೇಲೆ ನಾನು ಬಂದು ಬಾಯಿ ತೆರೆದ ಕೂಡಲೇ ಅಮ್ಮ ನನ್ನತ್ತ ತಿರುಗಿ, "ನಿನ್ನ ಗಂಟಲಿಗೆ ಏನಾಗಿತ್ತು ಆಗ?" ಎಂದು ಕೇಳಿದಳು.

ಗಂಟಲಿಗೆ ಏನೂ ಆಗಿರಲಿಲ್ಲ. ಆ ದನಿ ನನ್ನದಾಗಿರಲಿಲ್ಲ.

ಪೋಷಕ ನಟಿಯಾಗಿ ಹದಿನಾರು ವರ್ಷ ಕಳೆದಿದ್ದೇನೆ. ತುಳು, ಕನ್ನಡ, ಮಲಯಾಳ ಸಿನಿಮಾಗಳು, ಎರಡು ಧಾರಾವಾಹಿಗಳು, ಕೆಲವು ಟೆಲಿಚಿತ್ರಗಳು. ಮೀನು ಮಾರುವವಳು, ಹಾಸ್ಟೆಲ್ ವಾರ್ಡನ್, ನರ್ಸ್, ಮುಖ್ಯೋಪಾಧ್ಯಾಯಿನಿ, ಗಂಡ ತೀರಿಹೋದವಳು, ಗಂಡನನ್ನು ಬಿಟ್ಟುಬಂದವಳು, ಲೆಕ್ಕವಿಲ್ಲದಷ್ಟು ಸಲ ಯಾರದ್ದೋ ತಾಯಿ. ಈ ಕೆಲಸಕ್ಕೆ ಬರಬೇಕೆಂದು ನಮ್ಮ ಕಡೆಯ ಹುಡುಗಿಯರು ಆಗಾಗ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ನಾನು ಎಲ್ಲಿಂದ ಶುರುಮಾಡಿದರೂ ಮಾತು ಆ ಸಂಜೆಗೇ ಬಂದು ನಿಲ್ಲುತ್ತದೆ.

ನಾನು ಹುಟ್ಟಿ ಬೆಳೆದದ್ದು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿಯ ಸಮೀಪ. ಮನೆಯ ಮಾತು ತುಳು, ಶಾಲೆಯದ್ದು ಕನ್ನಡ, ಬಸ್ಸಿನದ್ದೂ ಕಚೇರಿಯದ್ದೂ ಮಲಯಾಳ. ಪಕ್ಕದ ಮನೆಯವರು ಬ್ಯಾರಿ ಮಾತನಾಡುತ್ತಿದ್ದರು, ತೋಡಿನಾಚೆ ಹವ್ಯಕರು, ಪೇಟೆಯ ಅಂಗಡಿಯಲ್ಲಿ ಕೊಂಕಣಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಮ್ಮನಿಗೆ ಹದಿನಾರು ವರ್ಷ. ಆಮೇಲೆ ಹುಟ್ಟಿದ ನಮಗೆಲ್ಲ ಕನ್ನಡವೆಂದರೆ ಹಟ ಹಿಡಿದು ಉಳಿಸಿಕೊಳ್ಳಬೇಕಾದ ವಸ್ತು. ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಟೀಚರಾಗಿದ್ದೆ. ಚಿತ್ರೀಕರಣದಲ್ಲಿಯೂ ಎಲ್ಲರೂ ನನ್ನನ್ನು "ಟೀಚರ್" ಎಂದೇ ಕರೆಯುತ್ತಾರೆ.

ಮಾತಿನ ಹುಚ್ಚು ಹಿಡಿಸಿದವರು ಸೋದರಮಾವ. ಊರಿನ ಭಜನಾ ಮಂದಿರದಲ್ಲಿ ತಿಂಗಳಿಗೊಮ್ಮೆ ತಾಳಮದ್ದಳೆ, ಅಂದರೆ ಕುಳಿತು ಮಾತಿನಲ್ಲಿಯೇ ನಡೆಸುವ ಯಕ್ಷಗಾನ, ನಡೆಯುತ್ತಿತ್ತು, ಮಾವ ಅಲ್ಲಿ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು, ರಾಮಾಯಣದ ಪ್ರಸಂಗಗಳು ಮಕ್ಕಳಿಗೂ ಬಾಯಿಪಾಠ. ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು ಬರುವ ಕೂಟವಿದ್ದರೆ ಮಾವ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಶೇಣಿಯವರ ವಾಲಿ, ಕೌರವ ಎಲ್ಲರಿಗೂ ಗೊತ್ತು. ನನಗೆ ಅವರ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಪಾತ್ರವೇ ಹೆಚ್ಚು. ನಮ್ಮ ಪಕ್ಕದ ಮನೆಯ ಕಾಕನವರು ಮಾತನಾಡುವ ಕನ್ನಡವೇ ರಂಗಸ್ಥಳಕ್ಕೆ ಬಂದಿತ್ತು. ಜನ ನಗುತ್ತಿದ್ದರು, ಆದರೆ ಆ ಮಾತಿನ ಹಿಂದೆ ಒಬ್ಬ ಗೌರವಸ್ಥ ವ್ಯಾಪಾರಿ ಎದ್ದು ನಿಲ್ಲುತ್ತಿದ್ದ. ಒಬ್ಬನ ಭಾಷೆಯನ್ನು ಸರಿಯಾಗಿ ಹಿಡಿದರೆ ಅವನ ನಡಿಗೆ, ಅವನ ಮರ್ಯಾದೆ ಎಲ್ಲವೂ ಅದರ ಹಿಂದೆಯೇ ಬರುತ್ತದೆಂದು ಅಲ್ಲಿ ಕಂಡುಕೊಂಡೆ. ಆಮೇಲೆ ಮಹಿಳೆಯರ ತಾಳಮದ್ದಳೆ ಕೂಟದಲ್ಲಿ ನಾನೂ ತಾರೆಯ ಅರ್ಥ ಹೇಳಿದೆ, ಮಂಡೋದರಿಯದ್ದೂ ಹೇಳಿದೆ.

ಕ್ಯಾಮೆರಾದ ಮುಂದೆ ನಿಂತದ್ದು 2008ರ ಏಪ್ರಿಲಿನಲ್ಲಿ, ಶಾಲೆಗೆ ರಜೆ ಇದ್ದಾಗ. ಕುಂಬಳೆಯ ಕಡೆ ಒಂದು ಸಣ್ಣ ತಂಡ ಚಿತ್ರೀಕರಣಕ್ಕೆ ಬಂದಿತ್ತು. ಗುಂಪಿನ ದೃಶ್ಯಕ್ಕೆ ಊರಿನವರನ್ನು ಸೇರಿಸಲು ಕನ್ನಡವೂ ಮಲಯಾಳವೂ ಬಲ್ಲ ಒಬ್ಬರು ಬೇಕಾಗಿ ನನ್ನನ್ನು ಕರೆದರು. ಎರಡನೇ ದಿನ ನೆರೆಮನೆಯ ಹೆಂಗಸಿನ ಪಾತ್ರದವರು ಬರಲಿಲ್ಲ, ಆ ಸೀರೆಯನ್ನು ನನಗೆ ಉಡಿಸಿದರು. ಒಂದೇ ಮಾತು: "ಡಾಕ್ಟರು ಬಂದರು." ನಾನು ಅದನ್ನು ಮಂದಿರದ ಅಂಗಳದ ಕೊನೆಯಲ್ಲಿ ಕುಳಿತವರಿಗೂ ಕೇಳುವಂತೆ ಹೇಳಿದೆ. ಶಬ್ದಗ್ರಹಣದವರು ಕಿವಿಯಿಂದ ಹೆಡ್‌ಫೋನ್ ಕಿತ್ತು ಹಿಡಿದರು. ನಿರ್ದೇಶಕ ಚಿಕ್ಕ ವಯಸ್ಸಿನವರು. ಹತ್ತಿರ ಬಂದು, "ಟೀಚರ್, ಕೊನೆಯ ಬೆಂಚಿಗೆ ಹೇಳಬೇಡಿ. ಮಗು ಮಲಗಿರುವ ಕೋಣೆಯಲ್ಲಿ ಹೇಳಿದ ಹಾಗೆ ಹೇಳಿ" ಎಂದರು.

ಆ ಒಂದು ವಾಕ್ಯವನ್ನು ನಾನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದೇನೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಇರುವುದೆಲ್ಲ ಮಾತು. ಎದುರಾಳಿಯ ವಾದ ಮುಗಿಯುವ ಮೊದಲೇ ನಮ್ಮ ಉತ್ತರ ಸಿದ್ಧವಿರಬೇಕು. ಕ್ಯಾಮೆರಾ ಇದಕ್ಕೆ ಪೂರಾ ವಿರುದ್ಧ. ಎದುರಿನವರು ಮಾತನಾಡುವಾಗ ನಿಮ್ಮ ಉತ್ತರ ಸಿದ್ಧವಾಗಿಬಿಟ್ಟರೆ ಅದು ಕಣ್ಣಿನಲ್ಲಿ ಕಾಣುತ್ತದೆ, ದೃಶ್ಯ ಅಲ್ಲಿಯೇ ಸತ್ತಿತು. ಹಾಗೆಂದು ಮಾವ ಕಲಿಸಿದ್ದನ್ನು ನಾನು ಬಿಡಲಿಲ್ಲ. ಮಾತನ್ನು ತಗ್ಗಿಸುವುದನ್ನು ಮಾತ್ರ ಕಲಿಯಬೇಕಾಗಿತ್ತು. ಜೂನಿನಲ್ಲಿ ಶಾಲೆ ತೆರೆದಾಗ ಮೂರನೇ ತರಗತಿಯಲ್ಲಿ ಒಂದು ದಿನ ಪಾಠವನ್ನೆಲ್ಲ ತೀರಾ ಮೆಲ್ಲಗೆ ಹೇಳಿ ನೋಡಿದೆ. ಮೊದಲ ಹತ್ತು ನಿಮಿಷ ಗದ್ದಲ. ಆಮೇಲೆ ಹಿಂದಿನ ಬೆಂಚಿನ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮುಂದೆ ಬಂದು ನೆಲದಲ್ಲಿ ಕುಳಿತರು. ಆ ಮುಖಗಳನ್ನು ನೋಡಿ ಕೇಳಿಸಿಕೊಳ್ಳುವುದೆಂದರೆ ಏನೆಂದು ನಾನೂ ಕಲಿತೆ. ತುಟಿ ಸ್ವಲ್ಪ ತೆರೆದಿರುತ್ತದೆ, ಕೈ ಹಿಡಿದ ಪೆನ್ಸಿಲ್ ಅಲ್ಲಿಯೇ ನಿಂತಿರುತ್ತದೆ.

ಕೈ ನಿಲ್ಲುವುದು. ಇದನ್ನು ನೆನಪಿಡಿ, ಮುಂದೆ ಬರುತ್ತೇನೆ.

ಆಡಿಷನ್ ಎಂದರೆ ಹೆದರುವವರಿಗೆ ಎರಡು ಮಾತು. ಪೋಷಕ ಪಾತ್ರಕ್ಕೆ ಕರೆಯುವವರು ಮೊದಲು ನೋಡುವುದು ನಿಮ್ಮ ಮುಖ ಯಾವ ಮನೆಗೆ ಸೇರುತ್ತದೆ ಎಂಬುದನ್ನು. ಬಣ್ಣ ಹಚ್ಚದೆ, ಮಾಮೂಲಿ ಸೀರೆ ಉಟ್ಟು ತೆಗೆದ ಫೋಟೋ ಕಳುಹಿಸಿ: ಎದುರು, ಎಡ, ಬಲ. ಬಲ್ಲ ಭಾಷೆಗಳನ್ನು ಪ್ರಾಮಾಣಿಕವಾಗಿ ಹೇಳಿ. ಸರ್ಕಾರಿ ಅಥವಾ ಅನುದಾನಿತ ನೌಕರಿಯಲ್ಲಿದ್ದರೆ ಅನುಮತಿ ಪತ್ರವನ್ನು ಮೊದಲೇ ಪಡೆದುಕೊಳ್ಳಿ, ನಾನು ಪ್ರತಿ ಸಲವೂ ಅರ್ಜಿ ಹಾಕಿದ್ದೇನೆ. ಪಾತ್ರ ಕೊಡಿಸಲು ಹಣ ಕೇಳಿದರೆ ಅಲ್ಲಿಂದಲೇ ಎದ್ದುಬನ್ನಿ. ನಾನು ಒಮ್ಮೆ ಮೂರು ಸಾವಿರ ರೂಪಾಯಿ ಕೊಟ್ಟೆ, ಪಾತ್ರವೂ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ. ಇಷ್ಟು ಸಾಕು.

ತಿರಸ್ಕಾರದ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಹುಡುಗಿಯರು ಹಿಂದೆ ಸರಿಯುವುದು ಅಲ್ಲಿಯೇ. ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವಳು. ವಾರಕ್ಕೆರಡು ಸಲ ನಾನು ಅವಳ ಜೊತೆ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಕುಳಿತವರು ಕಟ್ಟುಗಳನ್ನು ಬಿಚ್ಚಿ, ಬೆರಳಿನ ನಡುವೆ ಉರುಳಿಸಿ ನೋಡಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಕೂಲಿ ಸಾವಿರ ಬೀಡಿಗೆ ಲೆಕ್ಕ. ಎಸೆದದ್ದಕ್ಕೆ ಎಲೆಯೂ ಹೋಯಿತು, ದಿನವೂ ಹೋಯಿತು. ಅಮ್ಮ ಒಂದು ಮಾತನ್ನೂ ಆಡದೆ ಹೊಸ ಎಲೆ, ಹೊಗೆಸೊಪ್ಪು ತೂಗಿಸಿಕೊಂಡು ಹಿಂತಿರುಗುತ್ತಿದ್ದಳು. ರಾತ್ರಿ ಚಿಮಿಣಿ ದೀಪದ ಬುಡದಲ್ಲಿ ಮತ್ತೆ ಗೆರಸೆ (ಮೊರ) ಮಡಿಲಿಗೆ. ಕಾಞಂಗಾಡಿನಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ "ತಿಳಿಸುತ್ತೇವೆ" ಎಂದು ಕಳುಹಿಸಿದಾಗಲೆಲ್ಲ ಬ್ರಾಂಚಿನಿಂದ ಹಿಂತಿರುಗುವ ಅಮ್ಮನ ಹೆಜ್ಜೆಯೇ ನನಗೆ ನೆನಪಾಗುತ್ತಿತ್ತು. ಅಮ್ಮನ ಬೀಡಿ ನಿಜವಾಗಿಯೂ ಕೆಟ್ಟದ್ದಾಗಿತ್ತು ಎಂದು ನಾನು ಇವತ್ತಿಗೂ ನಂಬಿಲ್ಲ.

ಇನ್ನು ಭಾಷೆ. ಕನ್ನಡದ ಕಿರುತೆರೆಗೆ ಮೊದಲ ಸಲ ಹೋದಾಗ, "ನೀವು ಮಂಗಳೂರು ಕಡೆಯ ಹೆಂಗಸು, ಆ ಭಾಷೆಯಲ್ಲಿಯೇ ಮಾತನಾಡಿ" ಎಂದರು. ಸಂತೋಷದಿಂದ ಮಾತನಾಡಿದೆ. ಅದು ಸಾಲಲಿಲ್ಲ. ಪ್ರತಿ ವಾಕ್ಯದ ತುದಿಗೆ "ಮಾರಾಯ್ರೆ" ಬೇಕು, "ಎಂತ" ಬೇಕು, ಹೇಳಿದ ಕೂಡಲೇ ಉಳಿದ ಪಾತ್ರಗಳು ನಗಬೇಕು. ನನಗೆ ಅದು ನೋಯಿತು. ನಮ್ಮ ಕಡೆ ಹತ್ತು ಮೈಲಿಯೊಳಗೆ ಐದು ಬಗೆಯ ಕನ್ನಡವಿದೆ. ತುಳು ಮನೆಯವರ ಕನ್ನಡ ಬಿಡಿಬಿಡಿಯಾಗಿ, ಅಚ್ಚಿನಲ್ಲಿದ್ದಂತೆ ಬರುತ್ತದೆ, ಏಕೆಂದರೆ ನಾವು ಅದನ್ನು ಶಾಲೆಯಲ್ಲಿ ಕಲಿತವರು. ಹವ್ಯಕರ ಮಾತಿನ ಏರಿಳಿತವೇ ಬೇರೆ. ಬ್ಯಾರಿಗಳ ಕನ್ನಡ ಬೇರೆ, ಕೊಂಕಣಿಯವರದ್ದು ಬೇರೆ. ಮಲಯಾಳ ಶಾಲೆಗೆ ಹೋಗಿ ಬಂದ ಇಂದಿನ ಮಕ್ಕಳ ಕನ್ನಡ ಇನ್ನೊಂದು. ಒಬ್ಬಳು ತಾಯಿ ಮಗನನ್ನು "ಉಣ್ಣುವಾ, ಬಾ" ಎಂದು ಕರೆಯುವುದರಲ್ಲಿ ನಗುವಂಥದ್ದು ಏನಿದೆ? ಅವಳೂ ಜೊತೆಗೆ ಉಣ್ಣುತ್ತಾಳೆ ಎನ್ನುವುದು ಆ "ಉಣ್ಣುವಾ"ದಲ್ಲಿದೆ.

2017ರಲ್ಲಿ ಒಂದು ಮಲಯಾಳ ಸಿನಿಮಾದ ಆಯ್ಕೆಗೆ ಹೋದಾಗ ನನ್ನ ಕಣ್ಣು ತೆರೆಯಿತು. ನನ್ನ ಮಲಯಾಳದಲ್ಲಿ ಕನ್ನಡವೂ ತುಳುವೂ ಬೆರೆತಿದೆ, ತಿದ್ದಿಕೊಳ್ಳುತ್ತೇನೆ ಎಂದು ಮೊದಲೇ ಕ್ಷಮೆ ಕೇಳಿದೆ. ಸಹ ನಿರ್ದೇಶಕರು, "ಬೇಡ ಟೀಚರ್, ಅದು ಹಾಗೆಯೇ ಬೇಕು" ಎಂದರು. ಆ ವರ್ಷಗಳಲ್ಲಿ ಮಲಯಾಳ ಚಿತ್ರರಂಗ ಕಾಸರಗೋಡಿನ ಆಡುಮಾತನ್ನೂ ಮುಖಗಳನ್ನೂ ಹುಡುಕಿಕೊಂಡು ಬರತೊಡಗಿತ್ತು. 2022ರ ‘ನ್ನಾ ತಾನ್ ಕೇಸ್ ಕೊಡು’ ಸಿನಿಮಾದಲ್ಲಿ ನ್ಯಾಯಾಧೀಶರ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ನಮ್ಮ ಜಿಲ್ಲೆಯವರೇ, ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಅವರಿಗೆ ಕೇರಳ ರಾಜ್ಯದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದೆ. ಅವರ ಪರಿಚಯ ನನಗಿಲ್ಲ. ಸೀಮೆಸುಣ್ಣ ಹಿಡಿದ ಕೈ ಎನ್ನುವ ಅಭಿಮಾನ.

ಕನ್ನಡದಲ್ಲಿ ಇದು ಇಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. 1975ರ ‘ಚೋಮನ ದುಡಿ’ಯಲ್ಲಿ ಚೋಮನಾದ ಎಂ.ವಿ. ವಾಸುದೇವ ರಾವ್ ಅವರನ್ನು ನೋಡಿ. ಚಿಕ್ಕಪುಟ್ಟ ಪಾತ್ರಗಳಲ್ಲಿ ವರ್ಷಗಳನ್ನು ಕಳೆದು, ವಯಸ್ಸಾದ ಮೇಲೆ ಆ ಪಾತ್ರ ಸಿಕ್ಕಿತು, ರಾಷ್ಟ್ರಪ್ರಶಸ್ತಿ ಬಂತು. ಎರಡು ವರ್ಷದ ನಂತರ ನಿರ್ದೇಶಕ ಮೃಣಾಲ್ ಸೇನ್ ತಮ್ಮ ತೆಲುಗು ಸಿನಿಮಾಕ್ಕೆ ವಾಸುದೇವ ರಾಯರನ್ನು ಕರೆದೊಯ್ದರು. ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿಯಾದ ಉಮಾಶ್ರೀ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನ್ನ ಮನಸ್ಸಿನಲ್ಲಿ ಮೊದಲು ನಿಲ್ಲುವವರು ಪಂಡರಿಬಾಯಿ. ಭಟ್ಕಳದ ಕಡೆಯವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ, ಮುಂದೆ ಕನ್ನಡ, ತಮಿಳುಗಳಲ್ಲಿ ಎಷ್ಟೋ ನಾಯಕರಿಗೆ ತಾಯಿ. ತಾಯಿಯ ಪಾತ್ರವೆಂದರೆ ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುವುದಲ್ಲವೇ ಎಂದು ಹಗುರವಾಗಿ ಕೇಳುವವರು ಅವರ ಬೆನ್ನು ಎಷ್ಟು ನೆಟ್ಟಗಿರುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು.

ಈಗ ಆ ಒಂಬತ್ತು ದೃಶ್ಯಗಳ ಸಿನಿಮಾಕ್ಕೆ ಬರುತ್ತೇನೆ. 2019ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಚಿತ್ರೀಕರಣ. ಕನ್ನಡದ ಸಣ್ಣ ಬಜೆಟಿನ ಸಿನಿಮಾ. ನನ್ನದು ಬೀಡಿ ಕಟ್ಟುವ ತಾಯಿಯ ಪಾತ್ರ, ಮಗ ಗಲ್ಫಿನಲ್ಲಿದ್ದಾನೆ. ತಂಗಿಯ ಮದುವೆಗೆ ಬರಲು ರಜೆ ಸಿಗಲಿಲ್ಲ ಎಂದು ಅವನ ಫೋನು ಬರುತ್ತದೆ. ಚಿತ್ರಕಥೆಯಲ್ಲಿ "ತಾಯಿ ಅಳುತ್ತಾಳೆ" ಎಂದು ಬರೆದಿತ್ತು.

ಬೀಡಿ ಕಟ್ಟುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ವರ್ಷದಿಂದ ಮದುವೆಯಾಗುವ ತನಕ ನಾನೂ ಕಟ್ಟಿದವಳು, ನನ್ನ ಟಿ.ಟಿ.ಸಿ. (ಶಿಕ್ಷಕರ ತರಬೇತಿ) ಶುಲ್ಕ ಬೀಡಿಯಿಂದಲೇ ಬಂದದ್ದು. ಗೆರಸೆ ಮಡಿಲಲ್ಲಿಟ್ಟುಕೊಂಡ ಕೂಡಲೇ ಬೆನ್ನು ತಾನಾಗಿ ಬಾಗಿತು. ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿಯಿಂದ ಕತ್ತರಿಸುವುದು, ಎಡಗೈಯಲ್ಲಿ ಎಲೆ ಹಿಡಿದು ಬಲಗೈಯ ಬೆರಳ ತುದಿಯಿಂದ ಹೊಗೆಸೊಪ್ಪು ಹರಡುವುದು, ಎರಡು ಹೆಬ್ಬೆರಳುಗಳಿಂದ ಉರುಳಿಸುವುದು, ಬಾಯಿ ಮಡಚುವುದು, ನೂಲು ಸುತ್ತುವುದು. ಇಪ್ಪತ್ತೈದು ವರ್ಷ ಬಿಟ್ಟಿದ್ದೆ. ಕೈ ಬಿಟ್ಟಿರಲಿಲ್ಲ.

ನಾನು ನಿರ್ದೇಶಕರ ಹತ್ತಿರ ಹೋಗಿ ಕೇಳಿಕೊಂಡೆ: "ಇವಳು ಅಳುವುದಿಲ್ಲ ಸರ್. ನಾಳೆ ಬ್ರಾಂಚಿಗೆ ಕೊಡುವ ದಿನ. ಫೋನು ಬಂದಾಗಲೂ ಕಟ್ಟುತ್ತಲೇ ಇರುತ್ತಾಳೆ. ಮಗ ಬರುವುದಿಲ್ಲ ಎಂದಾಗ ನೂಲು ಸುತ್ತುವ ಕೈ ಒಮ್ಮೆ ನಿಲ್ಲುತ್ತದೆ. ಆಮೇಲೆ ಮುಂದುವರಿಯುತ್ತದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿ ತೋರಿಸಿ ಅಮ್ಮ" ಎಂದರು. ತೋರಿಸಿದೆ. ಆ ಸಿನಿಮಾದ ಬಗ್ಗೆ ನನಗೆ ಎಷ್ಟೇ ನೋವಿದ್ದರೂ, ಅಂದು ಅವರು ನನ್ನ ಮಾತು ಕೇಳಿದರು ಎಂಬುದನ್ನು ಮರೆಯುವುದಿಲ್ಲ.

ಏಳು ಟೇಕ್ ಆಯಿತು. ಮೊದಲು ಇಡೀ ದೃಶ್ಯದ ಮಾಸ್ಟರ್ ಶಾಟ್, ಆಮೇಲೆ ಮುಖದ ಕ್ಲೋಸಪ್, ಆಮೇಲೆ ಕೈಯ ಕ್ಲೋಸಪ್. ಕಂಟಿನ್ಯುಟಿ ನೋಡುವ ಹುಡುಗ ಪ್ರತಿ ಟೇಕಿನ ಮೊದಲು ಗೆರಸೆಯಲ್ಲಿರುವ ಬೀಡಿಗಳನ್ನು ಎಣಿಸುತ್ತಿದ್ದ. ಮಾತು ಶುರುವಾಗುವಾಗ ಹನ್ನೊಂದು ಇರಬೇಕು, ಮುಗಿಯುವಾಗ ಹದಿಮೂರು. ಹದಿಮೂರನೆಯದಕ್ಕೆ ನೂಲು ಸುತ್ತುವಾಗ ಕೈ ನಿಲ್ಲಬೇಕು, ಪ್ರತಿ ಟೇಕಿನಲ್ಲಿಯೂ ಅದೇ ಮಾತಿನ ಅದೇ ಅಕ್ಷರಕ್ಕೆ. ಪೋಷಕ ನಟರ ಕೆಲಸದಲ್ಲಿ ಹೆಚ್ಚಿನ ಪಾಲು ಇದೇ. ಮನಸ್ಸು ಹರಿಯುತ್ತಿರಬೇಕು, ಎಣಿಕೆ ತಪ್ಪಬಾರದು. ಸಂಜೆ ಪ್ಯಾಕಪ್ ಆದಾಗ ಗೆರಸೆಯ ಪಕ್ಕದ ಡಬ್ಬಿಯಲ್ಲಿ ನೂರಕ್ಕೂ ಹೆಚ್ಚು ಬೀಡಿಗಳಿದ್ದವು.

ಮಾತಿನ ಭಾಗಕ್ಕೆ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಡಬ್ಬಿಂಗ್ ಎಂದು ಹೇಳಿದ್ದರು. ಚಿತ್ರೀಕರಣದಲ್ಲಿ ದಾಖಲಾಗುವ ಪೈಲಟ್ ಟ್ರ್ಯಾಕಿನಲ್ಲಿ ಜನರೇಟರಿನ ಸದ್ದು, ಪಕ್ಕದ ರಸ್ತೆಯ ಹಾರ್ನು ಎಲ್ಲ ತುಂಬಿರುತ್ತದೆ. ಅದನ್ನು ಒಂದು ಕಿವಿಗೆ ಹಾಕಿಕೊಂಡು, ಎದುರಿನ ಪರದೆಯಲ್ಲಿ ನಮ್ಮದೇ ತುಟಿಯನ್ನು ನೋಡುತ್ತಾ, ತುಂಡು ತುಂಡಾಗಿ ಮತ್ತೆ ಮಾತನಾಡಬೇಕು. ಮೊದಲ ಸಲ ಒಂದು ತುಳು ಸಿನಿಮಾಕ್ಕೆ ಹೋದಾಗ ಮೂರು ಮಾತಿಗೆ ಎರಡು ಗಂಟೆ ಹಿಡಿದಿತ್ತು. ತುಟಿ ಕೂಡಿದರೆ ಉಸಿರು ಕೂಡುವುದಿಲ್ಲ, ಉಸಿರು ಕೂಡಿದರೆ ತುಟಿ ಓಡಿಹೋಗುತ್ತದೆ. ಆಮೇಲೆ ಒಂದು ಉಪಾಯ ಕಂಡುಕೊಂಡೆ. ದೃಶ್ಯದಲ್ಲಿ ಕೈಯಲ್ಲಿ ಏನಿತ್ತೋ ಅದನ್ನೇ ಡಬ್ಬಿಂಗಿಗೂ ತೆಗೆದುಕೊಂಡು ಹೋಗುವುದು. ತೆಂಗಿನಕಾಯಿ ತುರಿಯುತ್ತಾ ಆಡಿದ ಮಾತಿಗೆ ಭುಜ ಅಲುಗಾಡದಿದ್ದರೆ ಆ ದನಿ ಬರುವುದೇ ಇಲ್ಲ. ಹಾಗಾಗಿ ಆ ಮಾರ್ಚಿನಲ್ಲಿ ಅಮ್ಮನ ಹಳೆಯ ಗೆರಸೆಯನ್ನು ಒರೆಸಿ ಚೀಲದಲ್ಲಿಟ್ಟುಕೊಂಡಿದ್ದೆ.

2020ರ ಮಾರ್ಚಿನಲ್ಲಿ ಏನಾಯಿತೆಂದು ಗಡಿಯ ಜನರಿಗೆ ಹೇಳಬೇಕಾಗಿಲ್ಲ. ಕೊರೊನಾ ಬಂತು, ತಲಪಾಡಿಯಲ್ಲಿ ಕೇರಳ-ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆ ಹೋಗಲಾಗದೆ ನರಳಿದರು. ಅದರ ಮುಂದೆ ನನ್ನ ಡಬ್ಬಿಂಗ್ ಯಾವ ಲೆಕ್ಕ ಎಂದು ನಾನೇ ನನಗೆ ಹೇಳಿಕೊಂಡೆ, ಕಾಯುತ್ತಾರೆ ಎಂದುಕೊಂಡೆ. ಕಾಯಲಿಲ್ಲ. ನನಗೆ ಒಂದು ಫೋನನ್ನೂ ಮಾಡದೆ ಬೆಂಗಳೂರಿನಲ್ಲಿ ಬೇರೊಬ್ಬರಿಂದ ಮಾತನಾಡಿಸಿ ಮುಗಿಸಿದರು. ಆ ಕಲಾವಿದೆಯ ಮೇಲೆ ನನಗೆ ದೂರಿಲ್ಲ. ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ, ತುಟಿ ಎಲ್ಲಿಯೂ ತಪ್ಪಿಲ್ಲ. ಆದರೆ ನನ್ನ "ಉಣ್ಣುವಾ, ಬಾ" ಹೋಗಿ "ಊಟ ಮಾಡು ಬಾ" ಬಂದಿತ್ತು. ಸೀತಾಂಗೋಳಿಯ ಹೆಂಗಸಿನ ಬಾಯಲ್ಲಿ ಮೈಸೂರಿನ ದನಿ.

ಅಡೂರು ಗೋಪಾಲಕೃಷ್ಣನ್ ಅವರ ‘ಮತಿಲುಕಳ್’ ಸಿನಿಮಾದಲ್ಲಿ ಜೈಲಿನ ಗೋಡೆಯಾಚೆಯ ನಾರಾಯಣಿ ಒಮ್ಮೆಯೂ ಕಾಣಿಸುವುದಿಲ್ಲ. ಕೇಳಿಸುವುದು ಕೆಪಿಎಸಿ ಲಲಿತಾ ಅವರ ದನಿ ಮಾತ್ರ. ಮುಖವೇ ಇಲ್ಲದೆ ಅವರು ಒಬ್ಬ ಹೆಂಗಸನ್ನು ಪೂರ್ತಿಯಾಗಿ ನಮ್ಮ ಮುಂದೆ ನಿಲ್ಲಿಸಿಬಿಟ್ಟರು. ನನಗೆ ಮುಖವಿತ್ತು, ದನಿ ಇರಲಿಲ್ಲ. ಅಮ್ಮನ ಜೊತೆ ಸಿನಿಮಾ ನೋಡಿದ ಆ ರಾತ್ರಿ ಮಲಗಿದಾಗ ಇದನ್ನೇ ಯೋಚಿಸುತ್ತಿದ್ದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದರೆ ನಾನು ದನಿಯನ್ನೇ ಇಟ್ಟುಕೊಳ್ಳುತ್ತಿದ್ದೆ.

ಮರುದಿನ ಅಮ್ಮ ಬೀಡಿಯ ದೃಶ್ಯವನ್ನು ಮತ್ತೊಮ್ಮೆ ತೋರಿಸೆಂದಳು. ನಾನು ಸದ್ದನ್ನು ಪೂರ್ತಿ ತೆಗೆದುಬಿಟ್ಟು ಕೊಟ್ಟೆ. ಅವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನನ್ನ ಕೈಗಳನ್ನೇ ನೋಡಿದಳು. ಕೈ ನಿಂತಲ್ಲಿ ಅವಳ ಬೆರಳುಗಳೂ ನಿಂತವು. ಮುಗಿದ ಮೇಲೆ ಹೇಳಿದಳು: "ಎಲೆ ಒಣಗಿತ್ತು. ಎರಡು ಕಡೆ ಸೀಳಿದೆ. ರಾತ್ರಿಯೇ ನೀರು ಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಡಬೇಕಿತ್ತು. ನಿನಗೆ ಗೊತ್ತಿಲ್ಲವೇ?" ಗೊತ್ತಿತ್ತು. ಎಲೆ ತಂದವರು ಕಲಾ ವಿಭಾಗದವರು, ಅವರ ಕೆಲಸಕ್ಕೆ ಕೈ ಹಾಕಬಾರದೆಂದು ಸುಮ್ಮನಿದ್ದೆ.

ಅದೇ ವರ್ಷ, ಐವತ್ತಾರು ತುಂಬಿ ಶಾಲೆಯಿಂದ ನಿವೃತ್ತಳಾಗಿದ್ದೆ. ರಜೆ ಹೊಂದಿಸಿಕೊಳ್ಳುವ ಚಿಂತೆ ಹೋಯಿತು. ಅಂದಿನಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಲು ಕೇಳುತ್ತೇನೆ: ನನ್ನ ಪಾತ್ರಕ್ಕೆ ನಾನೇ ಡಬ್ಬಿಂಗ್ ಮಾಡುತ್ತೇನೆ, ಬೇರೆ ದನಿ ಬಳಸುವುದಾದರೆ ಮೊದಲು ನನಗೆ ತಿಳಿಸಬೇಕು. ಸಣ್ಣ ಪಾತ್ರದವಳಿಗೆ ಇಂಥ ಷರತ್ತು ಏಕೆ ಎಂದು ಇಬ್ಬರು ನಿರ್ಮಾಪಕರು ಕೇಳಿದರು, ಆ ಎರಡು ಪಾತ್ರಗಳೂ ಹೋದವು. ಹೋಗಲಿ. ನಮ್ಮ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವುದು ಈ ಸಾಲನ್ನೇ.

ಧಾರಾವಾಹಿಯ ಕಾಲ ಹದಿನಾಲ್ಕು ತಿಂಗಳು. ಕಣ್ಣೂರಿನಿಂದ ಬರುವ ಬೆಂಗಳೂರು ರೈಲನ್ನು ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಜೊತೆಯಲ್ಲಿ ಸೀರೆಗಳ ಟ್ರಂಕು, ಏಕೆಂದರೆ ಹೆಚ್ಚಿನ ಕಡೆ ಪೋಷಕ ಕಲಾವಿದರು ತಮ್ಮ ಉಡುಪನ್ನು ತಾವೇ ತರಬೇಕು. ನನ್ನದು ಅತ್ತೆಯ ಅಕ್ಕನ ಪಾತ್ರ. ಬಾಡಿಗೆಯ ಶೂಟಿಂಗ್ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ತನಕ ನಿಲ್ಲುವುದು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ, ಅದನ್ನು ತುಂಬಿಸಲು ದಿನವಿಡೀ ಓಟ. ಸಂಭಾಷಣೆ ಬರುವುದು ಶಾಟಿಗೆ ಸ್ವಲ್ಪ ಮೊದಲು. ಪಕ್ಕದಿಂದ ಒಬ್ಬರು ಪ್ರಾಂಪ್ಟ್ ಮಾಡುತ್ತಾರೆ, ಅದನ್ನು ಕೇಳಿಸಿಕೊಳ್ಳುತ್ತಲೇ ಎದುರಿನವರ ಕಣ್ಣಿನಿಂದ ಕಣ್ಣು ತೆಗೆಯದೆ ಮಾತನಾಡಬೇಕು. ಮೊದಲ ತಿಂಗಳು ಕಣ್ಣೀರು ಬಂತು. ಆಗ ಧೈರ್ಯ ಕೊಟ್ಟದ್ದು ಟಿ.ಎನ್. ಬಾಲಕೃಷ್ಣ ಅವರ ನೆನಪು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ನೂರಾರು ಸಿನಿಮಾಗಳಲ್ಲಿ ಅವರ ಮಾತಿನ ಸಮಯ ಎಲ್ಲಿಯಾದರೂ ತಪ್ಪಿದ್ದು ಕಂಡಿದೆಯೇ?

ಆ ಧಾರಾವಾಹಿಯಲ್ಲಿ ನನ್ನ ಮಾತುಗಳು ಬರಬರುತ್ತಾ ಕಡಿಮೆಯಾದವು, ರಿಯಾಕ್ಷನ್ ಶಾಟ್‌ಗಳು ಹೆಚ್ಚಿದವು. ಮದುವೆಯ ದೃಶ್ಯವೊಂದು ಐದು ದಿನ ನಡೆಯಿತು, ನಾನು ಹಿಂದಿನ ಸಾಲಿನಲ್ಲಿ ಆರತಿ ತಟ್ಟೆ ಹಿಡಿದು ನಿಂತೇ ಇದ್ದೆ. ಬೇಸರ ಬಂದಾಗ ಮೂರನೇ ತರಗತಿಯ ಮಕ್ಕಳನ್ನು ನೆನೆಸಿಕೊಂಡು ಕೇಳಿಸಿಕೊಂಡೆ. ಊರಿಗೆ ಬಂದಾಗ ಬಸ್ಸಿನಲ್ಲಿ ಹೆಂಗಸರು ಗುರುತು ಹಿಡಿದು, "ನೀವು ಸುಮ್ಮನೆ ನಿಂತರೂ ಏನೋ ಹೇಳಿದ ಹಾಗೆ ಇರುತ್ತದೆ" ಎಂದರು.

ಕಳೆದ ವರ್ಷ ಮಲಯಾಳದ ಒಂದು ತಂಡದಿಂದ ಕರೆ ಬಂತು. ಆ ಕನ್ನಡ ಸಿನಿಮಾದ ಬೀಡಿಯ ದೃಶ್ಯವನ್ನು ಅವರ ಸಹ ನಿರ್ದೇಶಕಿ ನೋಡಿದ್ದರಂತೆ. ಕಾಸರಗೋಡಿನ ಉತ್ತರ ಭಾಗದ ತುಳು ಹೆಂಗಸು, ಮನೆಯಲ್ಲಿ ತುಳು, ಹೊರಗೆ ಮಲಯಾಳ, ಸಿಟ್ಟು ಬಂದಾಗ ಕನ್ನಡ. ಈ ಪಾತ್ರವನ್ನು ಬರೆದವರು ನಮ್ಮ ಮನೆಯ ಮೆಟ್ಟಿಲಲ್ಲಿ ಕುಳಿತು ಬರೆದಿರಬೇಕು ಅನ್ನಿಸಿತು. ಎಲ್ಲ ಸಿಂಕ್ ಸೌಂಡ್, ಆಡಿದಾಗಲೇ ದಾಖಲು, ಡಬ್ಬಿಂಗಿನ ಮಾತೇ ಇಲ್ಲ. ಎಲೆ ನಾನೇ ತರುತ್ತೇನೆ ಎಂದು ಈ ಸಲ ಮೊದಲೇ ಹೇಳಿದೆ.

ಚಿತ್ರೀಕರಣದ ಹಿಂದಿನ ರಾತ್ರಿ ಅಮ್ಮ ತಾನೇ ಎಲೆಗೆ ನೀರು ಚಿಮುಕಿಸಿದಳು. ವಯಸ್ಸು ಎಂಬತ್ತು ದಾಟಿದೆ, ನನ್ನನ್ನು ಮುಟ್ಟಲು ಬಿಡಲಿಲ್ಲ. ಒಂದೊಂದು ಎಲೆಯನ್ನೂ ಬೆರಳಲ್ಲಿ ಸವರಿ, ಕಟ್ಟು ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಬೆಳಿಗ್ಗೆ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೋದೆ, ಇಳಿಯುವಾಗ ಸೀರೆಯ ನೆರಿಗೆ ತೇವವಾಗಿತ್ತು.

ದೃಶ್ಯಗಳು ಮುಗಿದ ಮೇಲೆ ಶಬ್ದಗ್ರಹಣದವರು ಹತ್ತಿರ ಬಂದು, ಮಾತಿಲ್ಲದೆ ಕೈಕೆಲಸದ ಸದ್ದನ್ನು ಮಾತ್ರ ಬೇರೆಯಾಗಿ ದಾಖಲಿಸಿಕೊಳ್ಳಬೇಕು ಟೀಚರ್ ಎಂದರು. ಫ್ಯಾನ್ ನಿಲ್ಲಿಸಿದರು, ಕಿಟಕಿ ಮುಚ್ಚಿದರು, ಹೊರಗಿದ್ದವರಿಗೆಲ್ಲ ಸುಮ್ಮನಿರಲು ಹೇಳಿದರು. ಮೈಕನ್ನು ಗೆರಸೆಯ ಪಕ್ಕಕ್ಕೆ ತಂದು ಇಟ್ಟರು. ನಾನು ಎಲೆ ತೆಗೆದುಕೊಂಡೆ. ಒದ್ದೆ ಎಲೆ ಕತ್ತರಿಯ ಬಾಯಿಗೆ ಸಿಕ್ಕಾಗ ಬರುವ ಮೆತ್ತನೆಯ ಸದ್ದು, ಹೊಗೆಸೊಪ್ಪು ಉದುರುವ ಸದ್ದು, ಹೆಬ್ಬೆರಳ ಕೆಳಗೆ ಎಲೆ ಉರುಳುವ ಸದ್ದು, ನೂಲು ಎಳೆದುಕೊಳ್ಳುವ ಸದ್ದು. ಆ ಕೋಣೆಯಲ್ಲಿ ಬೇರೆ ಏನೂ ಕೇಳಿಸುತ್ತಿರಲಿಲ್ಲ. ನಾಲ್ಕನೆಯ ಬೀಡಿಗೆ ನೂಲು ಸುತ್ತುತ್ತಿದ್ದಾಗ ಅವರು ಕೈ ಎತ್ತಿ ಸಾಕೆಂದು ಸನ್ನೆ ಮಾಡಿದರು. ನಾನು ಆ ಬೀಡಿಯನ್ನು ಕಟ್ಟಿ ಮುಗಿಸಿ ಗೆರಸೆಯಲ್ಲಿಟ್ಟೆ.